ಮೊಬೈಲ್ ಫೋನು ಮತ್ತು ಹೈ-ಫೈ: ಧ್ವನಿಯ ಗುಣಮಟ್ಟಕ್ಕೆ ಹಣ ಹೂಡಬೇಕಾದುದು ಎಲ್ಲಿ?

ಕಳೆದ ವರ್ಷದ ಲೆಕ್ಕಪತ್ರಗಳನ್ನು ಅಂತಿಮಗೊಳಿಸುತ್ತಿದ್ದ ಸಮಯದಲ್ಲಿ ನಮ್ಮ ಕಚೇರಿಗೆ ಬಂದ ಇಬ್ಬರು ಕಕ್ಷಿದಾರರು ಒಂದೇ ವಾರದಲ್ಲಿ ಒಂದೇ ಪ್ರಶ್ನೆಯನ್ನು ಎರಡು ದಿಕ್ಕುಗಳಿಂದ ಕೇಳಿದರು. ಮೊದಲನೆಯವರು ಜವಳಿ ವ್ಯಾಪಾರಿಗಳು. ತಮ್ಮ ಹೊಸ ಮಳಿಗೆಗೆ ಸಂಗೀತದ ವ್ಯವಸ್ಥೆ ಅಳವಡಿಸಲು ಅವರು 2,15,000 ರೂಪಾಯಿಗಳ ದರಪಟ್ಟಿಯೊಂದನ್ನು ತಂದಿದ್ದರು. "ಸಾರ್, ನನ್ನ ಮಗ ಮೊಬೈಲಿನಲ್ಲೇ ಹಾಡು ಹಾಕುತ್ತಾನೆ, ಚೆನ್ನಾಗಿಯೇ ಕೇಳಿಸುತ್ತದೆ. ಹಾಗಿದ್ದ ಮೇಲೆ ಇಷ್ಟೆಲ್ಲ ಯಂತ್ರಗಳು ಯಾಕೆ ಬೇಕು?" ಎಂಬುದು ಅವರ ಪ್ರಶ್ನೆ.

ಎರಡನೆಯವರು ಸಣ್ಣ ಕೈಗಾರಿಕಾ ಘಟಕವೊಂದರಲ್ಲಿ ಆಂಪ್ಲಿಫೈಯರ್ ಹಾಗೂ ಪ್ಲೇಯರ್‌ಗಳನ್ನು ಜೋಡಿಸಿ ಮಾರುವವರು. ವರ್ಷಾಂತ್ಯಕ್ಕೆ ಅವರ ಬಳಿ ಉಳಿದಿದ್ದ 19 ಲಕ್ಷ ರೂಪಾಯಿಗಳ ದಾಸ್ತಾನಿನಲ್ಲಿ 11 ಲಕ್ಷದಷ್ಟು ಸಿ.ಡಿ. ಮತ್ತು ಯು.ಎಸ್.ಬಿ. ಪ್ಲೇಯರ್‌ಗಳೇ ಇದ್ದವು. ಹದಿನೆಂಟು ತಿಂಗಳಿಂದ ಅವುಗಳಲ್ಲಿ ಹೆಚ್ಚಿನವು ಗೋದಾಮಿನಿಂದ ಕದಲಿರಲಿಲ್ಲ. "ಮೊಬೈಲು ನಮ್ಮ ಕಸುಬನ್ನೇ ನುಂಗಿಬಿಟ್ಟಿತು ಸಾರ್, ಘಟಕ ಮುಚ್ಚಿಬಿಡಲೇ?" ಎಂದು ಅವರು ಕೇಳಿದರು.

ಮೊಬೈಲ್ ಫೋನಿನ ಧ್ವನಿ ಹೈ-ಫೈ ಉಪಕರಣಗಳಿಗೆ ಸರಿಸಮವೇ ಎಂಬ ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ಹೊರಟರೆ ತಪ್ಪಾಗುತ್ತದೆ. ವ್ಯವಹಾರದ ಒಟ್ಟು ಲಾಭವನ್ನು ನೋಡಿದರೆ ಯಾವ ವಿಭಾಗ ಗಳಿಸುತ್ತಿದೆ, ಯಾವುದು ಕಳೆಯುತ್ತಿದೆ ಎಂಬುದು ತಿಳಿಯದು. ವಿಭಾಗವಾರು ಲೆಕ್ಕ ತೆಗೆಯಬೇಕು. ಧ್ವನಿಯ ವಿಷಯದಲ್ಲಿಯೂ ಹಾಗೆಯೇ. ಈ ಲೇಖಕನು ತಂತ್ರಜ್ಞನಲ್ಲ. ಮೂರು ದಶಕಗಳಿಂದ ಸಂಗೀತ ಕೇಳುವ ಹವ್ಯಾಸವುಳ್ಳ ಲೆಕ್ಕಪರಿಶೋಧಕ. ಆ ಹವ್ಯಾಸಕ್ಕೆ ತೆತ್ತ ಹಣದಿಂದ ಕಲಿತದ್ದನ್ನೂ ಸೇರಿಸಿ, ಈ ವಿಭಾಗವಾರು ಲೆಕ್ಕವನ್ನು ಸದಸ್ಯರ ಮುಂದೆ ಇರಿಸಲಾಗಿದೆ.

ಧ್ವನಿಯ ಐದು ಕೊಂಡಿಗಳು

ಮುದ್ರಿತ ಸಂಗೀತವು ನಮ್ಮ ಕಿವಿಯನ್ನು ತಲುಪುವ ಮುನ್ನ ಐದು ಹಂತಗಳನ್ನು ದಾಟುತ್ತದೆ.

1. ಸಂಗ್ರಹ: ಧ್ವನಿಯು ಅಂಕಿಗಳ ರೂಪದಲ್ಲಿ ಕಡತವಾಗಿ ಉಳಿದಿರುವುದು.
2. ಪರಿವರ್ತನೆ: ಆ ಅಂಕಿಗಳನ್ನು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುವುದು. ಈ ಕೆಲಸ ಮಾಡುವ ಚಿಪ್ಪಿಗೆ ಡಿ.ಎ.ಸಿ. ಅಥವಾ ಡ್ಯಾಕ್ ಎಂದು ಹೆಸರು.
3. ವರ್ಧನೆ: ಕ್ಷೀಣ ಸಂಕೇತಕ್ಕೆ ಆಂಪ್ಲಿಫೈಯರ್ ಮೂಲಕ ಬಲ ತುಂಬುವುದು.
4. ಸ್ಪೀಕರ್ ಅಥವಾ ಇಯರ್‌ಫೋನ್: ವಿದ್ಯುತ್ತನ್ನು ಗಾಳಿಯ ಕಂಪನವಾಗಿಸುವುದು.
5. ಕೋಣೆ: ಆ ಕಂಪನವು ಗೋಡೆ, ನೆಲ, ಛಾವಣಿಗಳಿಗೆ ಬಡಿದು ಕಿವಿಗೆ ಬರುವುದು.

ಸರಪಳಿಯ ಬಲ ಅದರ ಅತಿ ದುರ್ಬಲ ಕೊಂಡಿಯಷ್ಟೇ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ಈ ಐದರಲ್ಲಿ ಮೊಬೈಲ್ ಫೋನು ಯಾವುದನ್ನು ತನ್ನದಾಗಿಸಿಕೊಂಡಿದೆ, ಯಾವುದನ್ನು ಇಂದಿಗೂ ಮಾಡಲಾರದು?

ಮೊದಲ ಕೊಂಡಿ: ಸಂಗ್ರಹ

ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ಸೇರಿ ರೂಪಿಸಿದ ಕಾಂಪ್ಯಾಕ್ಟ್ ಡಿಸ್ಕ್ 1982ರಲ್ಲಿ ಮಾರುಕಟ್ಟೆಗೆ ಬಂದಿತು. ಅದರಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡಲಾಗುತ್ತದೆ. ಆರೋಗ್ಯವಂತ ಯುವಕನ ಕಿವಿಗೆ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳು ಕೇಳಿಸುತ್ತವೆ. ಯಾವುದೇ ಕಂಪನವನ್ನು ದಾಖಲಿಸಲು ಅದರ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆದರೆ ಸಾಕು ಎಂಬುದು ಗಣಿತದ ನಿಯಮ. ಆದಕಾರಣ 44,100 ಎಂಬ ಸಂಖ್ಯೆ ಮನುಷ್ಯನ ಕಿವಿಗೆ ಸಾಕಾಗುತ್ತದೆ. 16 ಬಿಟ್‌ಗಳೆಂದರೆ ಅತಿ ಮೆಲು ದನಿಗೂ ಅತಿ ಜೋರು ದನಿಗೂ ನಡುವೆ ಸುಮಾರು 96 ಡೆಸಿಬೆಲ್‌ಗಳ ಅಂತರ. ವ್ಯಾಪಾರದ ಮಳಿಗೆಯಲ್ಲಿ ಜನರ ಮಾತು, ಫ್ಯಾನು, ರಸ್ತೆಯ ಸದ್ದುಗಳ ನಡುವೆ ಇಷ್ಟು ವಿಸ್ತಾರವನ್ನು ಪೂರ್ತಿಯಾಗಿ ಬಳಸುವ ಅವಕಾಶವೇ ದೊರೆಯುವುದಿಲ್ಲ.

ಎರಡು ಕಡೆಯ ಧ್ವನಿಯೂ ಸೇರಿ ಸಿ.ಡಿ.ಗೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್‌ಗಳು, ಅಂದರೆ ನಿಮಿಷವೊಂದಕ್ಕೆ 10.6 ಮೆಗಾಬೈಟ್ ಬೇಕು. ಮೊದಲ ತಲೆಮಾರಿನ ಮೊಬೈಲುಗಳಲ್ಲಿ ಇದಕ್ಕೆ ಸ್ಥಳವಿರಲಿಲ್ಲ. ಆಗ 128 ಕಿಲೋಬಿಟ್‌ನ ಎಂ.ಪಿ.3 ಕಡತಗಳು ಬಂದವು, ಅವು ಸಿ.ಡಿ.ಯ ಹನ್ನೊಂದನೆಯ ಒಂದು ಭಾಗದಷ್ಟೇ ಗಾತ್ರದವು. ತಾಳದ ಝಲ್ಲೆನ್ನುವ ಸದ್ದು, ಸಭೆಯ ಚಪ್ಪಾಳೆ ಇವು ಅಂತಹ ಕಡತಗಳಲ್ಲಿ ನೀರಿನಲ್ಲಿ ಅದ್ದಿದಂತೆ ಕೇಳುತ್ತಿದ್ದುದುಂಟು. "ಮೊಬೈಲಿನ ಧ್ವನಿ ಕಳಪೆ" ಎಂಬ ಅಪವಾದದ ಒಂದು ಪಾಲು ಅಂದಿನ ಈ ಕಡತಗಳಿಂದ ಬಂದದ್ದು, ಫೋನಿನ ತಪ್ಪಲ್ಲ.

ಇಂದು ಆ ಪರಿಸ್ಥಿತಿ ಇಲ್ಲ. 256 ಅಥವಾ 320 ಕಿಲೋಬಿಟ್‌ನ ಕಡತಗಳನ್ನು ಮೂಲದಿಂದ ಬೇರ್ಪಡಿಸಿ ಹೇಳುವುದು ಬಹುತೇಕ ಶ್ರೋತೃಗಳಿಗೆ ಕಷ್ಟ. 2021ರ ಜೂನ್ ತಿಂಗಳಿನಲ್ಲಿ ಆಪಲ್ ಮ್ಯೂಸಿಕ್ ಸೇವೆಯು ಏನನ್ನೂ ಕಳೆಯದ ಲಾಸ್‌ಲೆಸ್ ಧ್ವನಿಯನ್ನು ಹೆಚ್ಚುವರಿ ಶುಲ್ಕವಿಲ್ಲದೆ ಒದಗಿಸಲು ಆರಂಭಿಸಿತು. ಸಂಗ್ರಹದ ಕೊಂಡಿಯಲ್ಲಿ ಫೋನು ಸಿ.ಡಿ. ಪ್ಲೇಯರ್‌ಗೆ ಸರಿಸಮವಾಗಿದೆ.

ಎರಡನೆಯ ಕೊಂಡಿ: ಪರಿವರ್ತನೆ

ಹೈ-ಫೈ ಅಂಗಡಿಗಳಲ್ಲಿ ಅತಿ ಹೆಚ್ಚು ಮಾತು ನಡೆಯುವುದು ಡ್ಯಾಕ್ ಕುರಿತಾಗಿ. ಕೆಲವು ಸಾವಿರದಿಂದ ಹಲವು ಲಕ್ಷ ರೂಪಾಯಿಗಳವರೆಗಿನ ಡ್ಯಾಕ್‌ಗಳು ಮಾರಾಟಕ್ಕಿವೆ. ಆದರೆ ಚಿಪ್ ತಂತ್ರಜ್ಞಾನ ಅಗ್ಗವಾದಂತೆ ಈ ಕೊಂಡಿಯ ಬೆಲೆಯೂ ಕುಸಿಯಿತು. ಆಪಲ್ ಸಂಸ್ಥೆ 2016ರಲ್ಲಿ ಐಫೋನ್ 7ರಿಂದ ಇಯರ್‌ಫೋನ್ ರಂಧ್ರವನ್ನು ತೆಗೆದುಹಾಕಿದಾಗ ಅದಕ್ಕೆ ಬದಲಾಗಿ ಪುಟ್ಟ ತಂತಿಯ ಅಡಾಪ್ಟರ್ ಒಂದನ್ನು ಅಮೆರಿಕದಲ್ಲಿ 9 ಡಾಲರ್‌ಗೆ ಮಾರಿತು. ಬೆರಳುದ್ದದ ಆ ತಂತಿಯೊಳಗೆ ಡ್ಯಾಕ್ ಮತ್ತು ಪುಟ್ಟ ಆಂಪ್ಲಿಫೈಯರ್ ಎರಡೂ ಇವೆ. ಉಪಕರಣಗಳಿಂದ ಅಳೆದು ನೋಡಿದವರು ಅದರ ಗುಣಮಟ್ಟ ಸಿ.ಡಿ.ಯ ಅಗತ್ಯವನ್ನು ಪೂರೈಸುವಂತಹದೇ ಎಂದು ಕಂಡುಕೊಂಡಿದ್ದಾರೆ.

ಇದಕ್ಕಿಂತ ಮುಂದೆ ಹೋದ ಎಲ್.ಜಿ. ಸಂಸ್ಥೆ 2016ರ ವಿ20 ಮಾದರಿಯಲ್ಲಿ ನಾಲ್ಕು ಡ್ಯಾಕ್‌ಗಳ ವಿಶೇಷ ಚಿಪ್ಪನ್ನು ಅಳವಡಿಸಿ, ಅದನ್ನೇ ಪ್ರಚಾರದ ಮುಖ್ಯ ಅಂಶವನ್ನಾಗಿ ಮಾಡಿಕೊಂಡಿತು. ಸಂಗೀತಪ್ರಿಯರು ಮೆಚ್ಚಿದರು. ಆದರೆ 2021ರ ಏಪ್ರಿಲ್‌ನಲ್ಲಿ ಎಲ್.ಜಿ. ಮೊಬೈಲ್ ಫೋನಿನ ವ್ಯವಹಾರದಿಂದಲೇ ಹೊರನಡೆಯುವುದಾಗಿ ಪ್ರಕಟಿಸಿತು. ಅದಕ್ಕೆ ಕಾರಣಗಳು ಹಲವು. ಆದರೂ ವ್ಯಾಪಾರಿಗಳು ಗಮನಿಸಬೇಕಾದ ಅಂಶ ಒಂದಿದೆ: ಈಗಾಗಲೇ ಸಾಕಷ್ಟು ಚೆನ್ನಾಗಿರುವ ಕೊಂಡಿಯನ್ನು ಇನ್ನಷ್ಟು ಚೆನ್ನಾಗಿಸಿದುದಕ್ಕೆ ಮಾರುಕಟ್ಟೆ ಹೆಚ್ಚಿನ ಬೆಲೆ ಕೊಡಲಿಲ್ಲ.

ಇಲ್ಲಿ ನನ್ನ ಸ್ವಂತ ನಷ್ಟವನ್ನೂ ಹೇಳಿಕೊಳ್ಳಬೇಕು. ಏಳು ವರ್ಷಗಳ ಹಿಂದೆ 62,000 ರೂಪಾಯಿ ತೆತ್ತು ಒಂದು ಪ್ರತ್ಯೇಕ ಡ್ಯಾಕ್ ಖರೀದಿಸಿದೆ. ಸಂಗೀತಕ್ಕೆ ಜೀವ ಬಂದಂತೆನಿಸಿ, ಬಂದವರಿಗೆಲ್ಲ ಕೇಳಿಸಿದೆ. ಒಂದು ಭಾನುವಾರ ನನ್ನ ಮಗಳು ಅದನ್ನೂ ಅಗ್ಗದ ಅಡಾಪ್ಟರನ್ನೂ ಒಂದೇ ಆಂಪ್ಲಿಫೈಯರ್‌ಗೆ ಜೋಡಿಸಿ, ಮೀಟರ್ ಹಿಡಿದು ಎರಡರ ಮಟ್ಟವನ್ನೂ ಸಮ ಮಾಡಿ, ಮೇಲೆ ಬಟ್ಟೆ ಹೊದಿಸಿದಳು. "ಅಪ್ಪ, ಯಾವುದು ಹಾಡುತ್ತಿದೆ ಹೇಳಿ ನೋಡೋಣ" ಎಂದಳು. ಹನ್ನೆರಡು ಬಾರಿ ಕೇಳಿಸಿದಳು. ನಾನು ಸರಿಯಾಗಿ ಹೇಳಿದ್ದು ಏಳು ಬಾರಿ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು! ಆ ಪೆಟ್ಟಿಗೆ ಇಂದಿಗೂ ಬೀರುವಿನಲ್ಲಿದೆ; ನನ್ನ ಮನಸ್ಸಿನ ಆಸ್ತಿಪಟ್ಟಿಯಲ್ಲಿ ಅದರ ಮೌಲ್ಯವನ್ನು ಅಂದೇ ಶೂನ್ಯಕ್ಕಿಳಿಸಿದ್ದೇನೆ.

ಈ ಪರೀಕ್ಷೆಯಲ್ಲಿ ಮಟ್ಟವನ್ನು ಸಮ ಮಾಡಿದ್ದೇ ಮುಖ್ಯ. ಎರಡು ಉಪಕರಣಗಳಲ್ಲಿ ಒಂದು ಒಂದು ಡೆಸಿಬೆಲ್‌ಗಿಂತಲೂ ಕಡಿಮೆ ಜೋರಾಗಿದ್ದರೂ ಕಿವಿ ಅದನ್ನು "ಜೋರು" ಎಂದು ಗುರುತಿಸದೆ "ಉತ್ತಮ" ಎಂದು ಗುರುತಿಸುತ್ತದೆ. ಅಂಗಡಿಯಲ್ಲಿ ದುಬಾರಿ ಮಾದರಿಯನ್ನು ತುಸು ಜೋರಾಗಿ ಕೇಳಿಸುವ ಮಾರಾಟಗಾರನಿಗೆ ಈ ರಹಸ್ಯ ಚೆನ್ನಾಗಿ ತಿಳಿದಿರುತ್ತದೆ.

ಮೂರನೆಯ ಕೊಂಡಿ: ವರ್ಧನೆ

ಫೋನಿನ ಅಥವಾ ಮೇಲೆ ಹೇಳಿದಂತಹ ಅಡಾಪ್ಟರ್‌ನ ಇಯರ್‌ಫೋನ್ ಹೊರದಾರಿಯಲ್ಲಿ ಸುಮಾರು 1 ವೋಲ್ಟ್ ದೊರೆಯುತ್ತದೆ ಎಂದಿಟ್ಟುಕೊಳ್ಳೋಣ. 32 ಓಮ್‌ಗಳ ಸಾಮಾನ್ಯ ಇಯರ್‌ಫೋನ್‌ಗೆ ಇದರಿಂದ ಸುಮಾರು 31 ಮಿಲಿವ್ಯಾಟ್ ಸಿಗುತ್ತದೆ. ಕಿವಿಗೆ ಇದು ಧಾರಾಳ. ಸ್ಟುಡಿಯೋಗಳಲ್ಲಿ ಬಳಸುವ 300 ಓಮ್‌ಗಳ ಹೆಡ್‌ಫೋನ್‌ಗಾದರೆ ಕೇವಲ 3.3 ಮಿಲಿವ್ಯಾಟ್, ಅಲ್ಲಿ ಪ್ರತ್ಯೇಕ ಆಂಪ್ಲಿಫೈಯರ್‌ಗೆ ಅರ್ಥವಿದೆ. 8 ಓಮ್‌ಗಳ ಸ್ಪೀಕರ್‌ಗೆ 20 ವ್ಯಾಟ್ ಕೊಡಬೇಕಾದರೆ ಸುಮಾರು 12.6 ವೋಲ್ಟ್ ಬೇಕು. ಫೋನು ಇಲ್ಲಿ ಕೈಚೆಲ್ಲುತ್ತದೆ. ಸಭಾಂಗಣಕ್ಕೂ ಮಳಿಗೆಗೂ ಆಂಪ್ಲಿಫೈಯರ್ ಅನಿವಾರ್ಯ.

ಆದರೆ ಎಷ್ಟು ವ್ಯಾಟ್? ಇಲ್ಲಿಯೂ ಲೆಕ್ಕ ಸರಳ. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರೆನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಕೊಡುವ ಸ್ಪೀಕರ್ ಇದೆ ಎಂದುಕೊಳ್ಳಿ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಕಡಿಮೆಯಾಗುವುದರಿಂದ 4 ಮೀಟರ್ ದೂರದಲ್ಲಿ 76 ಡೆಸಿಬೆಲ್ ಉಳಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಇನ್ನೂ ತುಸು ಹೆಚ್ಚು. ಸಾಮಾನ್ಯ ಸಂಭಾಷಣೆಯ ಮಟ್ಟ ಸುಮಾರು 60 ಡೆಸಿಬೆಲ್. ಅಂದರೆ ಮಳಿಗೆಯ ಹಿನ್ನೆಲೆ ಸಂಗೀತಕ್ಕೆ ಒಂದು ವ್ಯಾಟ್ ಸಹ ಬೇಕಾಗುವುದಿಲ್ಲ! ಮೃದಂಗದ ಪೆಟ್ಟಿನಂತಹ ಕ್ಷಣಿಕ ಏರಿಕೆಗೆ 15 ಡೆಸಿಬೆಲ್‌ಗಳ ಅವಕಾಶ ಬಿಟ್ಟುಕೊಂಡರೂ 30ರಿಂದ 50 ವ್ಯಾಟ್‌ಗಳ ಪ್ರಾಮಾಣಿಕ ಆಂಪ್ಲಿಫೈಯರ್ ಧಾರಾಳವಾಗಿ ಸಾಕು.

ನಾಲ್ಕನೆಯ ಕೊಂಡಿ: ಸ್ಪೀಕರ್

ಫೋನು ಮತ್ತು ಹೈ-ಫೈ ನಡುವಿನ ನಿಜವಾದ ಅಂತರ ಇರುವುದು ಇಲ್ಲಿ. ಧ್ವನಿ ಎಂದರೆ ಗಾಳಿಯನ್ನು ನೂಕುವ ಕೆಲಸ. ಒಂದೇ ಮಟ್ಟದ ಸದ್ದನ್ನು ಉಂಟುಮಾಡಲು, ಕಂಪನ ಸಂಖ್ಯೆ ಅರ್ಧಕ್ಕಿಳಿದಂತೆಲ್ಲ ನಾಲ್ಕು ಪಟ್ಟು ಗಾಳಿಯನ್ನು ಅಲುಗಿಸಬೇಕಾಗುತ್ತದೆ. 1,000 ಹರ್ಟ್ಸ್‌ನ ಕೊಳಲಿನ ಸ್ವರಕ್ಕೆ ಬೇಕಾದುದಕ್ಕಿಂತ 50 ಹರ್ಟ್ಸ್‌ನ ಗಂಭೀರ ನಾದಕ್ಕೆ 400 ಪಟ್ಟು! ಎಂಟು ಅಂಗುಲದ ಸ್ಪೀಕರ್‌ನ ಪೊರೆ ಸುಮಾರು 200 ಚದರ ಸೆಂಟಿಮೀಟರ್ ಇದ್ದು, ಹಲವು ಮಿಲಿಮೀಟರ್ ಹಿಂದೆ ಮುಂದೆ ಚಲಿಸಬಲ್ಲದು. ಫೋನಿನೊಳಗಿನ ಸ್ಪೀಕರ್‌ನ ಪೊರೆ ಒಂದೆರಡು ಚದರ ಸೆಂಟಿಮೀಟರ್. ಚಲನೆ ಮಿಲಿಮೀಟರ್‌ಗಿಂತ ಕಡಿಮೆ. ಇದು ಭೌತಶಾಸ್ತ್ರದ ಮಿತಿ. ಎಷ್ಟೇ ಬೆಲೆಯ ಫೋನಾದರೂ ದಾಟಲಾಗದು.

ಹಾಗಿದ್ದರೆ ಫೋನಿನ ಸ್ಪೀಕರ್‌ನಲ್ಲಿಯೂ ಗಂಡಸಿನ ದಪ್ಪ ದನಿ ದಪ್ಪವಾಗಿಯೇ ಕೇಳುವುದೇಕೆ? ಒಂದು ಸ್ವರದೊಂದಿಗೆ ಅದರ ಎರಡು ಪಟ್ಟು, ಮೂರು ಪಟ್ಟು ಕಂಪನಗಳೂ ಹುಟ್ಟುತ್ತವೆ. ಮೂಲಸ್ವರ ಇಲ್ಲದಿದ್ದರೂ ಈ ಉಪಸ್ವರಗಳನ್ನು ಕೇಳಿದ ಮಿದುಳು ಮೂಲವನ್ನು ತಾನೇ ಊಹಿಸಿಕೊಳ್ಳುತ್ತದೆ. ಆದ್ದರಿಂದ ರಾಗ ತಿಳಿಯುತ್ತದೆ, ಮಾತು ಅರ್ಥವಾಗುತ್ತದೆ. ಆದರೆ ಮೃದಂಗದ ಎಡಮುಖದ ಗುಮುಕು, ತಂಬೂರಿಯ ತುಂಬುನಾದ ಎದೆಗೆ ತಟ್ಟುವುದಿಲ್ಲ. ಫೋನಿನಲ್ಲಿ ಕೇಳಿದ ಕಛೇರಿ ಛಾಯಾಪ್ರತಿಯಲ್ಲಿ ಓದಿದ ಪತ್ರದಂತೆ. ವಿಷಯವೆಲ್ಲ ಇದೆ, ಕಾಗದದ ಸ್ಪರ್ಶವಿಲ್ಲ.

ಇಯರ್‌ಫೋನ್‌ನ ವಿಷಯ ಬೇರೆ. ಅದು ಕಿವಿಯ ರಂಧ್ರವನ್ನೇ ಮುಚ್ಚುವುದರಿಂದ ಅಲುಗಿಸಬೇಕಾದ ಗಾಳಿ ಅತ್ಯಲ್ಪ. ಪುಟ್ಟ ಪೊರೆಯೂ ಗಂಭೀರ ಸ್ವರವನ್ನು ಪೂರ್ಣವಾಗಿ ಕೊಡಬಲ್ಲದು. ಆದಕಾರಣ ಫೋನು ಮತ್ತು ಒಳ್ಳೆಯ ಇಯರ್‌ಫೋನ್ ಸೇರಿದರೆ, ಒಬ್ಬನೇ ಕೇಳುವುದಕ್ಕೆ, ಹಲವು ಪಟ್ಟು ಬೆಲೆಯ ವ್ಯವಸ್ಥೆಗೆ ಸಮೀಪ ಬರುತ್ತದೆ. ಆದರೆ ಎಚ್ಚರಿಕೆ ಬೇಕು: ವಯಸ್ಕರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಮೀರಿ ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಸ್ಪೀಕರ್ ಕೊಳ್ಳುವಾಗ ಸೂಕ್ಷ್ಮತೆಯ ಅಂಕಿಯನ್ನು ತಪ್ಪದೆ ನೋಡಬೇಕು. 84 ಡೆಸಿಬೆಲ್‌ನ ಸ್ಪೀಕರ್ ಬದಲು 90 ಡೆಸಿಬೆಲ್‌ನದನ್ನು ಆರಿಸಿದರೆ ಆಂಪ್ಲಿಫೈಯರ್ ಶಕ್ತಿಯನ್ನು ನಾಲ್ಕು ಪಟ್ಟು ಹೆಚ್ಚಿಸಿದಂತೆಯೇ. 90 ಡೆಸಿಬೆಲ್‌ನ ಸ್ಪೀಕರ್ ಸಹ ತನಗೆ ದೊರೆತ ವಿದ್ಯುತ್ತಿನಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಭಾಗವನ್ನು ಮಾತ್ರ ಧ್ವನಿಯಾಗಿಸುತ್ತದೆ; ಉಳಿದದ್ದೆಲ್ಲ ಶಾಖ.

ಐದನೆಯ ಕೊಂಡಿ: ಕೋಣೆ

ದರಪಟ್ಟಿಯಲ್ಲಿ ಎಂದೂ ಕಾಣದ ಕೊಂಡಿ ಇದು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಕೊಠಡಿಯೊಂದರಲ್ಲಿ ಮಾತು ಅರ್ಥವಾಗುತ್ತಿಲ್ಲವೆಂಬ ದೂರನ್ನು ಪರಿಹರಿಸಲು ವಾಲೇಸ್ ಸಬೀನ್ ಎಂಬ ಯುವ ಭೌತಶಾಸ್ತ್ರಜ್ಞನನ್ನು ನೇಮಿಸಲಾಯಿತು. ಬೇರೊಂದು ಸಭಾಂಗಣದ ಮೆತ್ತೆಗಳನ್ನು ರಾತ್ರಿಯ ವೇಳೆ ತಂದು ಹಾಸಿ, ಸದ್ದು ಅಡಗಲು ತಗಲುವ ಕಾಲವನ್ನು ಆತ ಅಳೆದನು. ಅದರಿಂದ ದೊರೆತ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಸದ್ದನ್ನು ಹೀರುವ ಮೇಲ್ಮೈಯ ಪ್ರಮಾಣದಿಂದ ಭಾಗಿಸಿದರೆ ಸದ್ದು ಅಡಗಲು ಬೇಕಾದ ಸೆಕೆಂಡುಗಳು ದೊರೆಯುತ್ತವೆ.

10 ಮೀಟರ್ ಉದ್ದ, 6 ಮೀಟರ್ ಅಗಲ, 3.5 ಮೀಟರ್ ಎತ್ತರದ ಒಂದು ಮಳಿಗೆಯನ್ನು ತೆಗೆದುಕೊಳ್ಳೋಣ. ಘನ ಅಳತೆ 210 ಘನ ಮೀಟರ್. ಎಲ್ಲ ಮೇಲ್ಮೈಗಳು ಸೇರಿ 232 ಚದರ ಮೀಟರ್. ವಿಟ್ರಿಫೈಡ್ ಟೈಲ್ಸ್, ಗಾಜು, ಸಿಮೆಂಟ್ ಗೋಡೆಗಳೇ ಇದ್ದು ಸರಾಸರಿ ಶೇಕಡಾ 5ರಷ್ಟು ಸದ್ದನ್ನು ಮಾತ್ರ ಹೀರಿದರೆ, ಪ್ರತಿ ಸದ್ದೂ ಅಡಗಲು 2.9 ಸೆಕೆಂಡು ಬೇಕು. ಒಂದು ಮಾತಿನ ಮೇಲೆ ಇನ್ನೊಂದು ಮಾತು ಬಿದ್ದು ಎಲ್ಲವೂ ಕಲಸುಮೇಲೋಗರವಾಗುತ್ತದೆ. ದಪ್ಪ ಪರದೆ, ಬಟ್ಟೆಯ ಕಪಾಟುಗಳು, ಸದ್ದು ಹೀರುವ ಛಾವಣಿಯ ಹಲಗೆಗಳಿಂದ ಈ ಪ್ರಮಾಣವನ್ನು ಶೇಕಡಾ 20ಕ್ಕೆ ಏರಿಸಿದರೆ ಕಾಲ 0.7 ಸೆಕೆಂಡಿಗೆ ಇಳಿಯುತ್ತದೆ. ಯಾವ ದುಬಾರಿ ಪ್ಲೇಯರ್ ಸಹ ಇಷ್ಟು ವ್ಯತ್ಯಾಸ ತರಲಾರದು. ನನ್ನ ಮನೆಯಲ್ಲಿ ಡ್ಯಾಕ್ ಬದಲಾದದ್ದನ್ನು ಯಾರೂ ಗುರುತಿಸಲಿಲ್ಲ, ಸ್ಪೀಕರ್ ಬದಲಿಸಿ ಪರದೆ ಹಾಕಿಸಿದ ದಿನ ಅಡುಗೆಮನೆಯಲ್ಲಿದ್ದ ನನ್ನ ಶ್ರೀಮತಿಯವರೇ ಬಂದು "ಏನು ಮಾಡಿದಿರಿ?" ಎಂದು ಕೇಳಿದರು.

ಬ್ಲೂಟೂತ್ ಬಗ್ಗೆ ಒಂದು ಮಾತು

ತಂತಿಯಿಲ್ಲದ ಬ್ಲೂಟೂತ್‌ನಲ್ಲಿ ಧ್ವನಿಯನ್ನು ಮತ್ತೊಮ್ಮೆ ಅಡಕಗೊಳಿಸಲಾಗುತ್ತದೆ. ಎಲ್ಲ ಉಪಕರಣಗಳಲ್ಲಿಯೂ ಇರುವ ಎಸ್.ಬಿ.ಸಿ. ವಿಧಾನ ಉತ್ತಮ ಮಟ್ಟದಲ್ಲಿ ಸೆಕೆಂಡಿಗೆ ಸುಮಾರು 328 ಕಿಲೋಬಿಟ್ ಕಳುಹಿಸುತ್ತದೆ. ಸೋನಿಯ ಎಲ್‌ಡ್ಯಾಕ್ ವಿಧಾನ 990ರವರೆಗೆ. ಮಳಿಗೆಯ ಸಂಗೀತಕ್ಕೆ ಇವು ಸಾಕು. ಆದರೆ ಬ್ಲೂಟೂತ್‌ನಲ್ಲಿ ಧ್ವನಿ ತುಸು ತಡವಾಗಿ ಬರುವುದರಿಂದ ಸಭೆಯ ಭಾಷಣಕ್ಕೆ ಅದನ್ನು ಬಳಸಬಾರದು. ತಂತಿಯಲ್ಲಿ ಜೋಡಿಸಿದ ಫೋನನ್ನು ಅದೇ ಸಮಯದಲ್ಲಿ ಚಾರ್ಜರ್‌ಗೂ ಹಾಕಿದರೆ ಕೆಲವೊಮ್ಮೆ ಗುಂಯ್ ಎಂಬ ಸದ್ದು ಬರುವುದುಂಟು; ಫೋನು ಕೆಟ್ಟಿದೆಯೆಂದು ಭಾವಿಸದೆ, ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಅಗ್ಗದ ಸಾಧನವನ್ನು ನಡುವೆ ಹಾಕಿದರೆ ಸಾಕು.

ವ್ಯಾಟ್‌ಗಳ ಆಟ

ಪೆಟ್ಟಿಗೆಯ ಮೇಲೆ "1,000 ವ್ಯಾಟ್ ಪಿ.ಎಂ.ಪಿ.ಒ." ಎಂದು ಅಚ್ಚಾಗಿರುವ ಸೆಟ್ಟುಗಳನ್ನು ಎಲ್ಲರೂ ನೋಡಿದ್ದೇವೆ. ಈ ಅಳತೆಗೆ ಸರ್ವಸಮ್ಮತ ಮಾನದಂಡವೇ ಇಲ್ಲ. ಅದರೊಂದಿಗೆ ಕೊಡುವ ಅಡಾಪ್ಟರ್ ಮೇಲೆ 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಒಳಗೆ ಹೋಗುವುದೇ 24 ವ್ಯಾಟ್. ಜಮೆ 24 ಇರುವಲ್ಲಿ ನಿರಂತರ ಖರ್ಚು 1,000 ಹೇಗೆ ಸಾಧ್ಯ? ಯಾವ ಲೆಕ್ಕಪರಿಶೋಧಕನೂ ಇಂತಹ ಪಟ್ಟಿಗೆ ಸಹಿ ಹಾಕುವುದಿಲ್ಲ. ಆರ್.ಎಂ.ಎಸ್. ಅಥವಾ ನಿರಂತರ ಶಕ್ತಿಯ ಅಂಕಿಯನ್ನು ಮಾತ್ರ ನಂಬಬೇಕು.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿಯೇ ಆಂಪ್ಲಿಫೈಯರ್‌ಗಳ ಶಕ್ತಿಯನ್ನು ಹೇಗೆ ಘೋಷಿಸಬೇಕೆಂದು ನಿಯಮ ರೂಪಿಸಿತು. 2024ರಲ್ಲಿ ಅದನ್ನು ತಿದ್ದಿ, 8 ಓಮ್‌ಗಳಲ್ಲಿ, 20ರಿಂದ 20,000 ಹರ್ಟ್ಸ್‌ವರೆಗೆ, ಶೇಕಡಾ ಒಂದಕ್ಕಿಂತ ಕಡಿಮೆ ವಿಕೃತಿಯೊಂದಿಗೆ ಅಳೆಯಬೇಕೆಂದು ಸ್ಪಷ್ಟಪಡಿಸಿತು. ನಮ್ಮಲ್ಲಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 2(28)ನೇ ಪ್ರಕರಣ ದಾರಿತಪ್ಪಿಸುವ ಜಾಹೀರಾತನ್ನು ನಿರೂಪಿಸುತ್ತದೆ. 21ನೇ ಪ್ರಕರಣದನ್ವಯ ಕೇಂದ್ರ ಪ್ರಾಧಿಕಾರವು ಮೊದಲ ಬಾರಿಗೆ 10 ಲಕ್ಷ ರೂಪಾಯಿಗಳವರೆಗೆ, ಪುನರಾವರ್ತನೆಯಾದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಪೆಟ್ಟಿಗೆಯ ಮೇಲೆ ಮನಬಂದ ಅಂಕಿ ಅಚ್ಚು ಹಾಕಿಸುವ ತಯಾರಕರು ಇದನ್ನು ನೆನಪಿನಲ್ಲಿಡಬೇಕು.

ಇಬ್ಬರು ಕಕ್ಷಿದಾರರಿಗೆ ಕೊಟ್ಟ ಉತ್ತರ

ಜವಳಿ ವ್ಯಾಪಾರಿಗಳ ದರಪಟ್ಟಿಯನ್ನು ಬಿಡಿಸಿ ನೋಡಿದೆವು. ಪ್ಲೇಯರ್ ಮತ್ತು ಡ್ಯಾಕ್‌ಗೆ 90,000, ವಿಶೇಷ ತಂತಿಗಳಿಗೆ 25,000, ಆಂಪ್ಲಿಫೈಯರ್‌ಗೆ 40,000, ಸ್ಪೀಕರ್‌ಗಳಿಗೆ 60,000. ಕೋಣೆಗೆ ಶೂನ್ಯ. ಒಟ್ಟು ಹಣದ ಅರ್ಧಕ್ಕಿಂತ ಹೆಚ್ಚು ಭಾಗ, ಮಗನ ಫೋನು ಈಗಾಗಲೇ ಮಾಡುತ್ತಿದ್ದ ಕೆಲಸಕ್ಕೂ ತಂತಿಗೂ ಮೀಸಲಾಗಿತ್ತು. ಊಟಕ್ಕಿಂತ ಉಪ್ಪಿನಕಾಯಿಯೇ ಹೆಚ್ಚು ಎಂಬಂತಾಯಿತು. ಕೊನೆಗೆ ಅವರು ಆರಿಸಿಕೊಂಡದ್ದು ಹೀಗೆ: ಮನೆಯಲ್ಲಿದ್ದ ಹಳೆಯ ಫೋನೊಂದನ್ನು ಸಂಗೀತಕ್ಕೇ ಮೀಸಲಿರಿಸಿ ಅದಕ್ಕೆ ಅಡಾಪ್ಟರ್ ಇತ್ಯಾದಿ 2,000, ಆಂಪ್ಲಿಫೈಯರ್ 22,000, ನಾಲ್ಕು ಸ್ಪೀಕರ್‌ಗಳು 48,000, ಪರದೆ ಮತ್ತು ಛಾವಣಿಯ ಹಲಗೆಗಳು 30,000, ತಂತಿ ಮತ್ತು ಕೂಲಿ 10,000. ಒಟ್ಟು 1,12,000 ರೂಪಾಯಿ. ಉಳಿತಾಯ 1,03,000, ಮಾತೂ ಹಾಡೂ ಸ್ಪಷ್ಟವಾಗಿವೆ.

ತಯಾರಕರ ವಿಷಯ ಇಷ್ಟು ಸುಲಭವಾಗಿರಲಿಲ್ಲ. ದಾಸ್ತಾನನ್ನು ಮೂಲಬೆಲೆ ಅಥವಾ ನಿವ್ವಳ ವಸೂಲಾತಿ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕೆಂಬುದು ಲೆಕ್ಕಪತ್ರ ಮಾನದಂಡ 2ರ ನಿಯಮ. ಕದಲದ ಪ್ಲೇಯರ್‌ಗಳನ್ನು ಹಾಗೆ ಇಳಿಸಿದರೆ ಆ ವರ್ಷದ ಲಾಭ ಕರಗುತ್ತಿತ್ತು. ಬ್ಯಾಂಕಿಗೆ ಸಲ್ಲಿಸುವ ದಾಸ್ತಾನು ವಿವರಣೆಯ ಮೇಲೆ ನಿಂತಿದ್ದ ಸಾಲದ ಮಿತಿಯೂ ಕುಗ್ಗುತ್ತಿತ್ತು. "ಇನ್ನೊಂದು ವರ್ಷ ನೋಡೋಣ ಸಾರ್" ಎಂದು ಅವರು ಬೇಡಿಕೊಂಡರು. ನಾನು ಒಪ್ಪಲಿಲ್ಲ. 1979ರಲ್ಲಿ ಬಂದ ಸೋನಿ ವಾಕ್‌ಮನ್ ಸಹ ಹಿಂದೆ ಸರಿಯಿತು. 2001ರಲ್ಲಿ ಬಂದ ಐಪಾಡ್ ಅನ್ನೂ 2022ರ ಮೇ ತಿಂಗಳಿನಲ್ಲಿ ನಿಲ್ಲಿಸಲಾಯಿತು. ಫೋನು ನುಂಗಿದ ಕೊಂಡಿ ಮರಳಿ ಬರುವ ಸೂಚನೆಯಿಲ್ಲ.

ಆದರೆ ಘಟಕ ಮುಚ್ಚಲು ಕಾರಣವಿರಲಿಲ್ಲ. ಫೋನು ನುಂಗಿದ್ದು ಸಂಗ್ರಹ ಮತ್ತು ಪರಿವರ್ತನೆ ಎಂಬ ಎರಡು ಕೊಂಡಿಗಳನ್ನು ಮಾತ್ರ. ಕೋಟ್ಯಂತರ ಜನರ ಜೇಬಿನಲ್ಲಿ ಇಂದು ಒಂದೊಂದು ಉತ್ತಮ ಪ್ಲೇಯರ್ ಇದೆ; ಅದಕ್ಕೆ ಬಲವನ್ನೂ ಗಾಳಿಯನ್ನೂ ಕೊಡುವ ಆಂಪ್ಲಿಫೈಯರ್, ಸ್ಪೀಕರ್ ಬೇಕೇ ಬೇಕು. ಮರದ ಪೆಟ್ಟಿಗೆ ಭಾರವಾದುದರಿಂದ ದೂರದಿಂದ ತರಿಸುವ ಸಾಗಣೆ ವೆಚ್ಚ ಹೆಚ್ಚು. ಸ್ಥಳೀಯ ತಯಾರಕನಿಗೆ ಇದೇ ರಕ್ಷಣೆ. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ.

ಅವರು ಪ್ಲೇಯರ್‌ಗಳ ಮೌಲ್ಯವನ್ನು 11 ಲಕ್ಷದಿಂದ 3 ಲಕ್ಷಕ್ಕೆ ಇಳಿಸಿ, ಅದೇ ಬೆಲೆಗೆ ಸಿಕ್ಕಷ್ಟನ್ನು ಮಾರತೊಡಗಿದ್ದಾರೆ. ಬ್ಯಾಂಕು ಮಿತಿಯನ್ನು ತಗ್ಗಿಸಿತು. ಆರು ತಿಂಗಳು ಕಷ್ಟವೂ ಆಯಿತು. ಈಗ 40 ವ್ಯಾಟ್‌ಗಳ ಒಂದೇ ಮಾದರಿಯ ಆಂಪ್ಲಿಫೈಯರ್ ಮತ್ತು ಅದಕ್ಕೆ ಹೊಂದುವ ಸ್ಪೀಕರ್‌ಗಳನ್ನು, ಅಳೆದ ಆರ್.ಎಂ.ಎಸ್. ಅಂಕಿಯನ್ನೇ ಅಚ್ಚು ಹಾಕಿಸಿ, ಶಾಲೆ ಮತ್ತು ಮಳಿಗೆಗಳಿಗೆ ಮಾರುತ್ತಿದ್ದಾರೆ. ಇದು ಗೆಲ್ಲುವುದೋ ಇಲ್ಲವೋ ಮುಂದಿನ ವರ್ಷದ ಲೆಕ್ಕ ಹೇಳಬೇಕು. ಆದರೆ ಹಣ ಈಗ ಸರಿಯಾದ ಕೊಂಡಿಯಲ್ಲಿದೆ.

ಸದಸ್ಯರ ಗಮನಕ್ಕೆ

1. ಧ್ವನಿಗಾಗಿ ಮೀಸಲಿಟ್ಟ ಹಣದ ಬಹುಭಾಗವನ್ನು ಸ್ಪೀಕರ್ ಮತ್ತು ಕೋಣೆಗೆ ಕೊಡಿ. ಪ್ಲೇಯರ್ ಮತ್ತು ತಂತಿಗೆ ಕನಿಷ್ಠವನ್ನು ಕೊಡಿ.
2. ಎರಡು ಉಪಕರಣಗಳನ್ನು ಹೋಲಿಸುವಾಗ ಮಟ್ಟವನ್ನು ಸಮ ಮಾಡಿಸಿ, ಯಾವುದೆಂದು ತಿಳಿಯದಂತೆ ಕೇಳಿ.
3. ಮಳಿಗೆಯ ಸಂಗೀತಕ್ಕೆ ಪ್ರತ್ಯೇಕ ಫೋನು ಇಡಿ. ಕರೆಗಳು ಸ್ಪೀಕರ್‌ನಲ್ಲಿ ಮೊಳಗುವುದು ತಪ್ಪುತ್ತದೆ.
4. ಉಪಕರಣವನ್ನು ವ್ಯವಹಾರಕ್ಕಾಗಿ ಬಳಸಿದರೆ ಮಾತ್ರ ಜಿ.ಎಸ್.ಟಿ. ಇನ್‌ಪುಟ್ ತೆರಿಗೆ ಜಮೆ ದೊರೆಯುತ್ತದೆ. ಮನೆಯ ಬಳಕೆಗೆ 17(5)(ಜಿ) ಪ್ರಕರಣದನ್ವಯ ಇಲ್ಲ. ದಾಸ್ತಾನನ್ನು ಲೆಕ್ಕದಿಂದ ಪೂರ್ತಿ ತೆಗೆದುಹಾಕಿದರೆ 17(5)(ಎಚ್) ಪ್ರಕರಣದನ್ವಯ ಪಡೆದ ಜಮೆಯನ್ನು ಹಿಂತಿರುಗಿಸಬೇಕಾಗುತ್ತದೆ.
5. ಮನೆಯ ಬಳಕೆಗೆಂದು ಪಡೆದ ಸಂಗೀತ ಸೇವೆಯ ಚಂದಾ ಮಳಿಗೆಯಲ್ಲಿ ಸಾರ್ವಜನಿಕವಾಗಿ ಕೇಳಿಸಲು ಹಕ್ಕು ಕೊಡುವುದಿಲ್ಲ; 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಪರವಾನಗಿ ಅಗತ್ಯ.
6. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶದ ಮಿತಿ ಹಗಲು 65, ರಾತ್ರಿ 55 ಡೆಸಿಬೆಲ್. ಸ್ಪೀಕರನ್ನು ಬೀದಿಯತ್ತ ತಿರುಗಿಸಬೇಡಿ.

ಒಟ್ಟಿನಲ್ಲಿ ಹೇಳುವುದಾದರೆ, ಮೊಬೈಲ್ ಫೋನು ಹೈ-ಫೈಯನ್ನು ಸೋಲಿಸಿಲ್ಲ. ಅದರ ಅರ್ಧ ಭಾಗವನ್ನು ಅಗ್ಗವಾಗಿಸಿದೆ. ಕೊಳ್ಳುವವರಿಗೆ ಇದರಿಂದ ಉಳಿತಾಯವುಂಟು. ಮಾರುವವರು ಮತ್ತು ತಯಾರಿಸುವವರು ತಮ್ಮ ಬಂಡವಾಳ ಯಾವ ಅರ್ಧದಲ್ಲಿದೆ ಎಂಬುದನ್ನು ಮುಂದಿನ ದಾಸ್ತಾನು ಎಣಿಕೆಯ ದಿನಕ್ಕಾಗಿ ಕಾಯದೆ ಈಗಲೇ ಪರಿಶೀಲಿಸಿಕೊಳ್ಳುವುದು ಒಳಿತು.